ತರಬೇತಿ ಇದ್ದೇ ಇದೆಯಲ್ಲ, ಮತ್ತೆ ಶನಿವಾರ ಯಾಕೆ ಸೇರುತ್ತೀರಿ?

ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಕೂಡಿಗೆಯ ಡಯಟ್‌ನಲ್ಲಿ ತರಬೇತಿ ಆಗುತ್ತದೆ, ಸಮಾಲೋಚನಾ ಸಭೆಗಳೂ ಇವೆ. ಅದರ ಮೇಲೆ ಶನಿವಾರ ಬೆಳಗಿನ ಶಾಲೆ ಮುಗಿಸಿ, ಬಸ್ಸು ಹತ್ತಿ ಮಡಿಕೇರಿಗೆ ಬಂದು ಭೌತಶಾಸ್ತ್ರದ ಮೇಷ್ಟ್ರು, ಟೀಚರುಗಳೆಲ್ಲ ಮಾಡುವುದೇನು? ಮನೆಯವರಿಂದ ಹಿಡಿದು ಮುಖ್ಯೋಪಾಧ್ಯಾಯರವರೆಗೆ ಕೇಳದವರಿಲ್ಲ.

ತರಗತಿಯಲ್ಲಿ ಕೈಕೊಟ್ಟ ಪ್ರಯೋಗಗಳನ್ನು ರಿಪೇರಿ ಮಾಡುತ್ತೇವೆ, ಅಷ್ಟೇ. ಪಿಪಿಟಿ ಇಲ್ಲ, ಭಾಷಣ ಇಲ್ಲ. ತಂದವರು ಐದು ನಿಮಿಷ ಹೇಳಬೇಕು, ಉಳಿದವರು ಕೈಯಾರೆ ಮಾಡಿ ನೋಡಬೇಕು. ಶಿಕ್ಷಕರೇ ಹೀಗೆ ಸೇರುವುದೇನೂ ಹೊಸ ಯೋಚನೆಯಲ್ಲ. ಭೌತಶಾಸ್ತ್ರದ ಪ್ರಾಧ್ಯಾಪಕ ಡಿ.ಪಿ. ಖಂಡೇಲ್‌ವಾಲ್ ಅವರು ಭಾರತೀಯ ಭೌತಶಾಸ್ತ್ರ ಶಿಕ್ಷಕರ ಸಂಘವನ್ನು ಕಟ್ಟಿದ್ದು 1984ರಲ್ಲಿ.

ಪುಟ್ಟ ವಿದ್ಯುತ್ ಮೋಟಾರನ್ನೇ ತೆಗೆದುಕೊಳ್ಳಿ. ವೈಂಡಿಂಗ್ ಅಂಗಡಿಯಲ್ಲಿ ಸಿಗುವ 26 ಗೇಜಿನ ಎನಾಮೆಲ್ ತಾಮ್ರದ ತಂತಿ ಒಂದೂಕಾಲು ಮೀಟರ್, ದಪ್ಪನೆಯ 1.5 ವೋಲ್ಟ್ ಸೆಲ್, ಎರಡು ದೊಡ್ಡ ಸೇಫ್ಟಿ ಪಿನ್, ಹಳೇ ಸ್ಪೀಕರಿನ ಆಯಸ್ಕಾಂತ. ಸೆಲ್ಲಿಗೇ ಹತ್ತು ಸುತ್ತು ಸುತ್ತಿ ಸುರುಳಿ ತೆಗೆಯಿರಿ, ಎರಡು ಕಡೆಯೂ ನಾಲ್ಕೈದು ಸೆಂಟಿಮೀಟರ್ ಬಾಲ ಬಿಡಿ. ಒಂದು ಬಾಲದ ಎನಾಮೆಲನ್ನು ಸುತ್ತಲೂ ಕೆರೆಯಬೇಕು, ಇನ್ನೊಂದರದ್ದು ಅರ್ಧ ಮೈ ಮಾತ್ರ. ಸೆಲ್ಲಿನ ಎರಡು ತುದಿಗೂ ಪಿನ್ ಒತ್ತಿಟ್ಟು, ಬಾಲಗಳನ್ನು ಪಿನ್ನಿನ ಕಣ್ಣುಗಳಿಗೆ ತೂರಿಸಿ, ಕೆಳಗೆ ಆಯಸ್ಕಾಂತ ಇಟ್ಟರೆ ಸುರುಳಿ ತಿರುಗಬೇಕು.

ಹತ್ತರಲ್ಲಿ ಎಂಟು ಮೋಟಾರು ನಿಲ್ಲುವುದು ಈ ಅರ್ಧದಲ್ಲೇ. ಎರಡೂ ಬಾಲ ಪೂರ್ತಿ ಕೆರೆದರೆ ಪ್ರತಿ ಅರ್ಧ ಸುತ್ತಿಗೆ ಬಲದ ದಿಕ್ಕು ತಿರುಗುತ್ತದೆ, ಸುರುಳಿ ಅಲ್ಲಲ್ಲೇ ತೂಗಾಡುತ್ತದೆ. ಅರ್ಧವೇ ಕೆರೆದರೂ ಓಡದಿದ್ದರೆ, ಕೆರೆಯುವಾಗ ಸುರುಳಿ ಹೇಗಿತ್ತು ಎಂದು ಕೇಳಿ. ಆಯಸ್ಕಾಂತ ಸುರುಳಿಯ ಕೆಳಗೆ ಇರುವುದರಿಂದ, ಸುರುಳಿ ನೆಟ್ಟಗೆ ನಿಂತಾಗ ತಿರುಗಿಸುವ ಬಲ ಅತಿ ಹೆಚ್ಚು. ಹಾಗಾಗಿ ಸುರುಳಿಯನ್ನು ನೆಟ್ಟಗೆ ಹಿಡಿದು ಬಾಲದ ಮೇಲ್ಮೈ ಕೆರೆಯಬೇಕು. ಮೇಜಿನ ಮೇಲೆ ಮಲಗಿಸಿ ಕೆರೆದರೆ ವಿದ್ಯುತ್ತು ಹರಿಯುವ ಅರ್ಧ ಸುತ್ತಿನಲ್ಲಿ ಮೊದಲು ಸಿಕ್ಕ ತಳ್ಳು ಆಮೇಲೆ ಎದುರು ದಿಕ್ಕಿಗೆ ಸಿಕ್ಕಿ, ಲೆಕ್ಕ ಸೊನ್ನೆ. ಇನ್ನು ಬಾಲಗಳೆರಡೂ ಒಂದೇ ಗೆರೆಯಲ್ಲಿರಲಿ. ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಡಬೇಡಿ, ಪಿನ್ನೂ ಸೆಲ್ಲೂ ಬಿಸಿಯಾಗುತ್ತವೆ.

ಒಂದೇ ಶಾಲೆಯೊಳಗೆ ಕೂತು ಆಗದ ಕೆಲಸವೂ ಇದೆ. ಮಡಿಕೇರಿಯಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಇಲ್ಲಿ ಸಮುದ್ರಮಟ್ಟದ 76 ಅಲ್ಲ, ಸುಮಾರು 66 ಸೆಂಟಿಮೀಟರ್ ಪಾದರಸದಷ್ಟು. 300 ಮೀಟರ್ ಏರಿದರೆ ಕುದಿಯುವ ಬಿಂದು ಹೆಚ್ಚುಕಮ್ಮಿ ಒಂದು ಡಿಗ್ರಿ ಇಳಿಯುತ್ತದೆ, ಅಂದರೆ ಇಲ್ಲಿ 96ರ ಆಸುಪಾಸು. ಮಕ್ಕಳು ಥರ್ಮಾಮೀಟರಿನಲ್ಲಿ 96 ನೋಡಿ ರೆಕಾರ್ಡಿನಲ್ಲಿ 100 ಬರೆಯುತ್ತಾರೆ. ಮೇಷ್ಟ್ರು ರೈಟ್ ಹಾಕುತ್ತಾರೆ! ಅಳೆದ ಸಂಖ್ಯೆಗಿಂತ ಪುಸ್ತಕದ್ದೇ ಸರಿ ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ.

ಮಡಿಕೇರಿಯವರು, ಘಟ್ಟದ ಬುಡದ ಸಂಪಾಜೆಯವರು ಒಂದೇ ಕ್ರಮದಲ್ಲಿ ಅಳೆದು ತಂದರೆ ಎರಡರ ನಡುವೆ ಮೂರು ಡಿಗ್ರಿಯಷ್ಟು ಅಂತರ ಕಾಣಬೇಕು. ಮಡಿಕೇರಿ, ಕುಶಾಲನಗರ ಹೋಲಿಸಿದರೆ ಒಂದೇ ಡಿಗ್ರಿ, ಶಾಲೆಯ ಥರ್ಮಾಮೀಟರಿನ ತಪ್ಪಿನಲ್ಲೇ ಅದು ಮುಚ್ಚಿಹೋಗುತ್ತದೆ. ಅದಕ್ಕೇ ಮೊದಲು ಜಜ್ಜಿದ ಮಂಜುಗಡ್ಡೆಗೆ ಸ್ವಲ್ಪ ನೀರು ಹಾಕಿ ಐದು ನಿಮಿಷ ಥರ್ಮಾಮೀಟರ್ ಇಡಿ. ಸೊನ್ನೆಯ ಬದಲು 1 ತೋರಿಸಿದರೆ ಮುಂದಿನ ಓದಿನಿಂದ 1 ಕಳೆಯಿರಿ. ಬುರುಡೆ ಪಾತ್ರೆಯ ತಳಕ್ಕೆ ತಾಗಬಾರದು, ತಾಗಿದರೆ ಓದು ಹೆಚ್ಚಾಗುತ್ತದೆ. ಮೊದಲು ಏಳುವ ಸಣ್ಣ ಗುಳ್ಳೆಗಳು ನೀರಿನಲ್ಲಿ ಕರಗಿದ ಗಾಳಿ, ಅವಕ್ಕೆ ಮೋಸಹೋಗಬೇಡಿ. ನೀರು ಚೆನ್ನಾಗಿ ಕುದಿದು, ಓದು ಎರಡು ನಿಮಿಷ ಅಲ್ಲಾಡದೆ ನಿಂತ ಮೇಲೆ ಬರೆದುಕೊಳ್ಳಿ.

ಪಾಠಯೋಜನೆಯ ವಿಚಾರದಲ್ಲೂ ಕೊಡಗಿನ ಮಳೆಯನ್ನು ಕೇಳಿಯೇ ಹೊರಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಸ್ಕೇಲನ್ನು ಎಷ್ಟು ಉಜ್ಜಿದರೂ ಕಾಗದದ ಚೂರು ಏಳುವುದಿಲ್ಲ. ಸ್ಕೇಲಿನ ಮೇಲೆ ಕೂತ ತೇವದ ಪದರದಲ್ಲೇ ವಿದ್ಯುದಾವೇಶ ಸೋರಿಹೋಗುತ್ತದೆ. ಹೇರ್ ಡ್ರೈಯರಿನಿಂದ ಸ್ಕೇಲು, ಬಟ್ಟೆ ಎರಡನ್ನೂ ಒಣಗಿಸಿದರೆ ಸ್ವಲ್ಪ ಹೊತ್ತು ನಡೆಯುತ್ತದೆ, ಕರೆಂಟ್ ಇದ್ದರೆ. ಜನವರಿಗೆ ಮುಂದೂಡುವುದು ಜಾಣತನ. ಪೀನ ಮಸೂರದ ಸಂಗಮ ದೂರ ಅಳೆಯಲು ಬಿಸಿಲೇ ಬೇಕೆಂದಿಲ್ಲ. ಕಿಟಕಿಯಾಚೆಯ ದೂರದ ಮರದ ಬಿಂಬವನ್ನು ಎದುರಿನ ಬಿಳಿ ಗೋಡೆಯ ಮೇಲೆ ಮೂಡಿಸಿ, ಮಸೂರದಿಂದ ಗೋಡೆಗೆ ಅಳೆದರೆ ಅದೇ ಸಂಗಮ ದೂರ.

ಬರುವವರು ಮಾಡಿ ಗೆದ್ದದ್ದನ್ನು ತರಬೇಕಿಲ್ಲ. ಓಡದ ಮೋಟಾರು, ತಪ್ಪು ತೋರಿಸುವ ಅಮ್ಮೀಟರ್ ಇದ್ದರೆ ಚೀಲಕ್ಕೆ ಹಾಕಿಕೊಳ್ಳಿ, ಜೊತೆಗೆ ಒಂದು ಬ್ಲೇಡು. ಕುಟ್ಟ, ಬಿರುನಾಣಿ ಕಡೆಯವರು ಕೊನೆಯ ಬಸ್ಸು ಹಿಡಿಯಬೇಕಾಗುತ್ತದೆ, ಆದ್ದರಿಂದ ಅವರದ್ದೇ ಮೊದಲು ಬಿಚ್ಚುತ್ತೇವೆ.