ಬೆಸ್ಟ್ ಡಬಲ್ ಆಲ್ಬಮ್ ಯಾವ್ದು ಅಂತ ಕೇಳೋರಿಗೆಲ್ಲ

ಕ್ಲಾಸಿಕ್ ರಾಕ್ ಡಬಲ್ ಆಲ್ಬಮ್‌ಗಳಲ್ಲಿ, ಅಂದ್ರೆ ಎರಡು ರೆಕಾರ್ಡ್, ನಾಲ್ಕು ಸೈಡ್ ಇರೋವ್ರಲ್ಲಿ, ಯಾವ್ದು ಬೆಸ್ಟು, ಒಂದು ರ‍್ಯಾಂಕಿಂಗ್ ಕೊಡು ಅಂತ ಸಿಕ್ಕಾಗೆಲ್ಲ ಕೇಳ್ತೀರಲ್ಲ, ತಗೊಳ್ಳಿ. ರೋಲಿಂಗ್ ಸ್ಟೋನ್ಸ್‌ದು 'ಎಕ್ಸೈಲ್ ಆನ್ ಮೇನ್ ಸ್ಟ್ರೀಟ್' ಮೊದಲು, ಬೀಟಲ್ಸ್‌ದು ವೈಟ್ ಆಲ್ಬಮ್ ಎರಡು, ಲೆಡ್ ಜೆಪ್ಲಿನ್‌ದು 'ಫಿಸಿಕಲ್ ಗ್ರಾಫಿಟಿ' ಮೂರು. ಪಿಂಕ್ ಫ್ಲಾಯ್ಡ್‌ದು 'ದಿ ವಾಲ್' ಎಲ್ಲಿ ಅಂತ ಬಾಯಿ ತೆಗೀಬೇಡಿ, ಅದು ಏಳನೇದು, ನಾಲ್ಕನೇ ಸೈಡಿಗೆ ಬರೋ ಹೊತ್ತಿಗೆ ಅದ್ರಲ್ಲಿ ಹಾಡಿಗಿಂತ ನಾಟಕ ಜಾಸ್ತಿ.

ರ‍್ಯಾಂಕಿಂಗ್ ಕೇಳಿದ್ರೆ ನಂಗೇನೂ ಸಿಟ್ಟಿಲ್ಲ, ಅದರ ಬೆನ್ನಿಗೇ ಬರೋ ಮಾತು ಕೇಳಿದ್ರೆ ಮೈ ಉರಿಯುತ್ತೆ. ಒಂದ್ಸಲ ಮದ್ವೆ ಊಟದ ಪಂಕ್ತೀಲಿ ಪಕ್ಕದ ಎಲೆಯವ್ನು, ಇನ್ನೂ ಸಾರು ಕೂಡ ಬಡಿಸಿರ್ಲಿಲ್ಲ, "ವೈಟ್ ಆಲ್ಬಮ್ ಅರ್ಧ ಬರೀ ಕಸ, ಒಂದೇ ರೆಕಾರ್ಡ್ ಸಾಕಿತ್ತು" ಅಂದ. ನಾನು ಪಾಯಸದವರೆಗೂ ಬಿಡ್ಲಿಲ್ಲ. ಬೀಟಲ್ಸ್ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್ ಕೂಡ ಅದನ್ನೇ ಹೇಳಿದ್ರು, ಒಪ್ತೀನಿ. 1968ರ ಶುರುವಲ್ಲಿ ಬೀಟಲ್ಸ್‌ನವ್ರು ರಿಷಿಕೇಶದಲ್ಲಿ ಕೂತು ರಾಶಿ ಹಾಡು ಬರ್ಕೊಂಡು ಹೋಗಿದ್ರು, ಕೊನೆಗೆ ಆಲ್ಬಮ್ ಆಗಿದ್ದು 30 ಹಾಡಿಂದು. ಸರಿ, ಒಂದೇ ರೆಕಾರ್ಡಿಗೆ ಹಿಡಿಯೋ ಹಾಗೆ ಹದಿನಾಲ್ಕಕ್ಕೆ ಇಳಿಸಿ ನೋಡೋಣ ಅಂದೆ. ಅವ್ನ ಹದಿನಾಲ್ಕು ಬೇರೆ, ಎದುರಿಗೆ ಕೂತವ್ರ ಹದಿನಾಲ್ಕು ಬೇರೆ. ಅವ್ನು ಮೊದಲು ಕಿತ್ತು ಹಾಕಿದ್ದು 'ಲಾಂಗ್, ಲಾಂಗ್, ಲಾಂಗ್'. ಅಯ್ಯೋ, ಅದು ಮೂರನೇ ಸೈಡಲ್ಲಿ 'ಹೆಲ್ಟರ್ ಸ್ಕೆಲ್ಟರ್' ಆದ್ಮೇಲೆ ಬರೋ ಹಾಡು ಕಣ್ರೀ! ಅಷ್ಟು ಅಬ್ಬರ, ಡ್ರಮ್ಸ್ ಬಾರಿಸೋ ರಿಂಗೋ ಬೆರಳಲ್ಲಿ ಬೊಬ್ಬೆ ಬಂತು ಅಂತ ಕಿರುಚ್ತಾನೆ, ಅದಾದ್ಮೇಲೆ ಗಿಟಾರಿಸ್ಟ್ ಜಾರ್ಜ್ ಹ್ಯಾರಿಸನ್ ಕೇಳಿಸಿಯೂ ಕೇಳಿಸದ ಹಾಗೆ ಹಾಡೋಕೆ ಶುರು ಮಾಡ್ತಾನೆ, ಆ ನಿಶ್ಶಬ್ದ ಬೇಕಂದ್ರೆ ಆ ಗಲಾಟೆ ಇರ್ಲೇಬೇಕು.

ಯಾವ ಆಲ್ಬಮ್ ಅನ್ನೋ ಬದ್ಲು ಯಾವ ಸೈಡ್ ಅಂತ ಯಾಕೆ ಯಾರೂ ಕೇಳಲ್ಲ? ಒಂದೊಂದು ಸೈಡು ಇಪ್ಪತ್ತು ನಿಮಿಷ ಆಚೀಚೆ, ಅಂಥವು ನಾಲ್ಕು, ಮಧ್ಯೆ ಎದ್ದು ಹೋಗಿ ತಿರುಗಿಸಿ ಹಾಕ್ಬೇಕು. 'ಎಕ್ಸೈಲ್' ನಂಗೆ ಮೊದಲ್ನೇದಾಗಿದ್ದೇ ಇದ್ರಿಂದ. 1971ರಲ್ಲಿ ರೋಲಿಂಗ್ ಸ್ಟೋನ್ಸ್‌ನವ್ರು ಟ್ಯಾಕ್ಸ್ ಕಾಟಕ್ಕೆ ಇಂಗ್ಲೆಂಡ್ ಬಿಟ್ಟು ಫ್ರಾನ್ಸ್‌ಗೆ ಹೋದ್ರು, ಅವ್ರ ಗಿಟಾರಿಸ್ಟ್ ಕೀತ್ ರಿಚರ್ಡ್ಸ್ ಬಾಡಿಗೆಗೆ ಹಿಡಿದಿದ್ದ ಬಂಗಲೆಯ ನೆಲಮಾಳಿಗೇಲಿ ರೆಕಾರ್ಡಿಂಗು, ಸೆಕೆಗೆ ಗಿಟಾರ್ ಶ್ರುತಿ ನಿಲ್ತಿರ್ಲಿಲ್ಲ. ಮೊದಲ್ನೇ ಸೈಡಲ್ಲಿ ಆ ಬೆವರು ಕೇಳುತ್ತೆ, ತಿರುಗಿಸಿ ಹಾಕಿದ್ರೆ 'ಸ್ವೀಟ್ ವರ್ಜೀನಿಯಾ', ಅಂಗಳದಲ್ಲಿ ಸಂಜೆ ತಣ್ಣಗೆ ಕೂತ ಹಾಗೆ.

ಆದ್ರೆ ಇವತ್ತು ರಾತ್ರಿ ಯಾವ ಸೈಡ್ ಅಂದ್ರೆ, 'ಫಿಸಿಕಲ್ ಗ್ರಾಫಿಟಿ' ಮೂರನೇದು. 1975ರ ಈ ಆಲ್ಬಮ್‌ಗೆ ಹೊಸ ಹಾಡು 8 ಇದ್ವು, ಒಂದು ರೆಕಾರ್ಡಿಗೆ ಜಾಸ್ತಿ, ಎರಡಕ್ಕೆ ಕಮ್ಮಿ, ಅದಕ್ಕೆ ಹಳೇ ಸೆಷನ್‌ಗಳಲ್ಲಿ ಉಳಿದಿದ್ದ 7 ಸೇರಿಸಿದ್ರು. ಈ ಸೈಡಲ್ಲಿ ಅಂಥವೇ ಎರಡು. ಗಿಟಾರಿಸ್ಟ್ ಜಿಮ್ಮಿ ಪೇಜ್ ಒಬ್ನೇ ಎರಡು ನಿಮಿಷ ನುಡಿಸೋ 'ಬ್ರಾನ್-ಇರ್-ಆರ್', ಅದಾದ್ಮೇಲೆ 'ಡೌನ್ ಬೈ ದ ಸೀಸೈಡ್'. ಒಂದೇ ರೆಕಾರ್ಡ್ ಸಾಕು ಅನ್ನೋರು ಮೊದಲು ಬಿಸಾಕೋದು ಇವನ್ನೇ. ನಾನು ಮಾತ್ರ ಇವೆರಡನ್ನ ದಾಟದೆ 'ಟೆನ್ ಇಯರ್ಸ್ ಗಾನ್'ಗೆ ಹೋಗಲ್ಲ.