‘ಬೋಲ್ಟ್ ನಂಬರ್ ನೋಡೀಯೇನಪಾ?’

ಎನ್‌ಸಿಸಿ ಕ್ಯಾಂಪ್‌ಗೆ ಹೋಗಿ ಬಂದವರಿಗೆ ‘ಖೋಲ್ನಾ ಜೋಡ್ನಾ’ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ರೈಫಲ್ ಬಿಚ್ಚಿ ಮತ್ತೆ ಜೋಡಿಸೋ ಕ್ಲಾಸ್ ಅದು. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಹಾಸನದ ಹತ್ತಿರ ಕ್ಯಾಂಪ್ ಹಾಕಿದ್ದರು. ಅಲ್ಲಿ ಈ ಕ್ಲಾಸಿಗೆ ಕೊಟ್ಟಿದ್ದು .303 ರೈಫಲ್, ನಂಬರ್ 4 ಮಾದರಿ. ಎರಡನೇ ಮಹಾಯುದ್ಧದ ಕಾಲದ್ದು, ನಾಲ್ಕು ಕೆಜಿಗಿಂತ ಜಾಸ್ತಿ ಭಾರ. ಡ್ರಿಲ್‌ನಲ್ಲಿ ಹೊತ್ತು ಹೊತ್ತು ಹೆಗಲು ಕೆಂಪಾಗಿದ್ದರಿಂದ, ಕೂತು ಮಾಡೋ ಕ್ಲಾಸ್ ಅಂತಲೇ ನಮಗೆಲ್ಲ ಖುಷಿ.

ಉಸ್ತಾದ್ ಬಿಜಾಪುರದ ಕಡೆಯ ಹವಾಲ್ದಾರ್. ಕಮಾಂಡ್ ಎಲ್ಲ ಹಿಂದಿಯಲ್ಲಿ, ಬೈಗುಳ ಮಾತ್ರ ಅಚ್ಚ ಕನ್ನಡದಲ್ಲಿ. ಜಮಖಾನದ ಮೇಲೆ ರೈಫಲ್ ಸಾಲಾಗಿ ಇಟ್ಟಿದ್ದರು. ಮುಟ್ಟೋಕೆ ಮೊದಲೇ ಒಂದು ಮಾತು ಹೇಳಿದರು. “ಇದು ಖಾಲಿ ಐತಿ ಅಂತ ನಾ ಹೇಳ್ತೀನಿ. ನೀವು ನಂಬಬ್ಯಾಡ್ರಿ. ಕಣ್ಣಿಲೆ ನೋಡ್ರಿ, ಬೆರಳಿಲೆ ಮುಟ್ಟಿ ನೋಡ್ರಿ.”

ನೋಡೋದಕ್ಕೂ ಒಂದು ಕ್ರಮ ಇದೆ. ಮೊದಲು ಮ್ಯಾಗಜೀನ್ (ಕಾಡತೂಸು ತುಂಬೋ ಡಬ್ಬಿ) ತೆಗೀಬೇಕು, ಆಮೇಲೆ ಬೋಲ್ಟ್ (ಹಿಡಿ ಹಿಡಿದು ಹಿಂದೆ ಮುಂದೆ ಎಳೆಯೋ ಉಕ್ಕಿನ ತುಂಡು) ಹಿಂದಕ್ಕೆ ಎಳೀಬೇಕು. ಮ್ಯಾಗಜೀನ್ ಅಲ್ಲೇ ಬಿಟ್ಟು ಬೋಲ್ಟ್ ಎಳೆದು ಮುಚ್ಚಿದರೆ, ಅದರೊಳಗೆ ಒಂದು ರೌಂಡ್, ಅಂದರೆ ಕಾಡತೂಸು, ಉಳಿದಿದ್ದರೂ ಅದನ್ನ ನೀವೇ ಬ್ಯಾರೆಲ್ ಬುಡದ ಚೇಂಬರ್‌ಗೆ ತಳ್ಳಿದ ಹಾಗೆ. ಖಾಲಿ ಮಾಡೋಕೆ ಹೋಗಿ ಲೋಡ್ ಮಾಡಿರ್ತೀರಿ. ರೈಫಲ್ ಬಾಯಿ ಯಾವಾಗಲೂ ಮನುಷ್ಯರಿಲ್ಲದ ಕಡೆಗೆ. ಕ್ಲಾಸಲ್ಲಿ ಜೀವಂತ ರೌಂಡ್ ಒಂದೂ ಇರಲ್ಲ, ಡಮ್ಮಿ ಮಾತ್ರ. ಆದರೂ ಅದೇ ಕಟ್ಟುನಿಟ್ಟು.

ಬಿಚ್ಚೋದು ಎಲ್ಲರಿಗೂ ಬೇಗ ಬಂತು. ಪಟ್ಟಿ ತೆಗಿ, ಮ್ಯಾಗಜೀನ್ ತೆಗಿ, ಬೋಲ್ಟ್ ಹಿಂದಕ್ಕೆಳೆದು ಅದರ ತಲೆ ಮೇಲಕ್ಕೆ ತಿರುಗಿಸಿ ಹೊರಗೆ ತೆಗಿ. ಜೋಡಿಸೋದರಲ್ಲಿ ಪೈಪೋಟಿ ಶುರುವಾಯ್ತು. ಯಾರು ಮೊದಲು ಮುಗಿಸಿ ಕೈ ಎತ್ತುತ್ತಾರೆ ಅನ್ನೋದೇ ಆಟ. ನಮ್ಮ ಸಾಲಲ್ಲಿ ತುಮಕೂರಿನ ಹುಡುಗನೊಬ್ಬ ಇದ್ದ, ಕಣ್ಣು ಮುಚ್ಚಿಕೊಂಡೇ ಜೋಡಿಸ್ತೀನಿ ಅಂತಿದ್ದ, ಜೋಡಿಸ್ತಾನೂ ಇದ್ದ.

ಚಹಾ ಕುಡಿದು ವಾಪಸ್ ಬಂದೆವು. ಬಿಡಿಭಾಗ ಎಲ್ಲ ಹಾಗೇ ಜಮಖಾನದ ಮೇಲಿತ್ತು. “ಜೋಡೋ” ಅಂದ ತಕ್ಷಣ ಎಲ್ಲರೂ ಬಗ್ಗಿದೆವು. ತುಮಕೂರಿನವನು ಎಂದಿನಂತೆ ಮೊದಲು ಮುಗಿಸಿದ. ಬೋಲ್ಟ್ ಬೆಣ್ಣೆ ಹಾಗೆ ಮುಚ್ಚಿಕೊಂಡಿತು. ಟ್ರಿಗರ್ ಒತ್ತಿದ, ಟಕ್ ಅಂತು. ಮತ್ತೆ ಕಾಕ್ ಮಾಡಿ ಸೇಫ್ಟಿ ಹಾಕಿ ಒತ್ತಿದ, ಟ್ರಿಗರ್ ಕೆಲಸ ಮಾಡಲಿಲ್ಲ, ಮಾಡಬಾರದು ಕೂಡ. ಕೊನೆಗೆ ಮ್ಯಾಗಜೀನ್ ಕೂರಿಸಿದ. ಎಲ್ಲ ಸರಿ. ಕೈ ಎತ್ತಿದ.

ಉಸ್ತಾದ್ ಹತ್ತಿರ ಬಂದು ಕೂತರು. “ಬೋಲ್ಟ್ ನಂಬರ್ ನೋಡೀಯೇನಪಾ?”

ಅವನು ನಮ್ಮ ಮುಖ ನೋಡಿದ. ಬೋಲ್ಟ್ ಹಿಡಿಯ ಹಿಂಬದಿಯಲ್ಲಿ ನಂಬರ್ ಕೊರೆದಿರುತ್ತೆ, ಅದೇ ನಂಬರ್ ರೈಫಲ್ ಬಾಡಿಯ ಎಡಗಡೆ, ಬಟ್ (ಹೆಗಲಿಗೆ ಒತ್ತಿ ಹಿಡಿಯೋ ಮರದ ಹಿಂಭಾಗ) ಕೂರೋ ಜಾಗದಲ್ಲೂ ಇರುತ್ತೆ. ಎಣ್ಣೆ, ಧೂಳು ಕೂತು ಅರ್ಧ ಅಳಿಸಿದ ಹಾಗಿತ್ತು. ಬೆರಳಲ್ಲಿ ಉಜ್ಜಿ ನೋಡಿದರೆ ಕೊನೆಯ ಅಂಕಿಗಳು ಬೇರೆ ಬೇರೆ. ನಾವು ಚಹಾಕ್ಕೆ ಹೋದಾಗ ಉಸ್ತಾದರೇ ಎರಡು ರೈಫಲ್‌ಗಳ ಬೋಲ್ಟ್ ಅದಲು ಬದಲು ಮಾಡಿಟ್ಟಿದ್ದರು!

ನನಗೆ ತಲೆಗೆ ಹೋಗದೆ ಇದ್ದದ್ದು ಇದೇ. ಕೂತಿದೆ, ಮುಚ್ಚಿದೆ, ಟ್ರಿಗರ್ ಕೆಲಸ ಮಾಡ್ತಿದೆ, ಸೇಫ್ಟಿ ಹಿಡೀತಿದೆ, ಇನ್ನೇನು ಬೇಕು? ಕೇಳಿಯೇಬಿಟ್ಟೆ. ಆವತ್ತಿನ ನಿಜವಾದ ಪಾಠ ಆಮೇಲೆ ಶುರುವಾಗಿದ್ದು.

.303 ಕಾಡತೂಸಿನ ಬುಡದಲ್ಲಿ ಒಂದು ಅಂಚು ಇರುತ್ತೆ. ಆ ಅಂಚಿನ ಮೇಲೇ ಅದು ಚೇಂಬರ್‌ನಲ್ಲಿ ನಿಲ್ಲೋದು. ಅದರ ಹಿಂದೆ ಬೋಲ್ಟ್ ತಲೆ ಎಷ್ಟು ಹತ್ತಿರ ಬಂದು ನಿಲ್ಲುತ್ತೆ ಅನ್ನೋದು ಮುಖ್ಯ. ಆರ್ಮರರ್, ಅಂದರೆ ಬಂದೂಕು ರಿಪೇರಿ ಮಾಡುವವರು, ಇದನ್ನ ಗೇಜ್ ಅನ್ನೋ ಅಳತೆಯ ತುಂಡು ಇಟ್ಟು ನೋಡ್ತಾರೆ. 0.064 ಇಂಚಿನದ್ದು ಇಟ್ಟಾಗ ಬೋಲ್ಟ್ ಮುಚ್ಚಬೇಕು, 0.074 ಇಂಚಿನದ್ದು ಇಟ್ಟಾಗ ಮುಚ್ಚಬಾರದು. ನಡುವಿನ ವ್ಯತ್ಯಾಸ ಕಾಲು ಮಿಲಿಮೀಟರ್ ಅಷ್ಟೇ. ಕಣ್ಣಿಗೂ ಕಾಣಲ್ಲ, ಕೈಗೂ ಗೊತ್ತಾಗಲ್ಲ. ಆ ಸಂದು ಜಾಸ್ತಿಯಾದರೆ ಹೊಡೆದಾಗ ಕಾಡತೂಸಿನ ಹಿತ್ತಾಳೆಯ ಖೋಕಾ (ಹೊರಗವಚ) ಹಿಗ್ಗಿ ಹರಿಯಬಹುದು, ಬಿಸಿ ಗ್ಯಾಸ್ ಹಿಂದಕ್ಕೆ ನುಗ್ಗಬಹುದು. ಹಿಂದೆ ಇರೋದು ನಮ್ಮ ಮುಖ. ಈ ರೈಫಲ್‌ನಲ್ಲಿ ಬೋಲ್ಟ್ ಲಾಕ್ ಆಗೋದೂ ಹಿಂಭಾಗದಲ್ಲೇ, ಆ ಲಾಕಿನ ಕಿವಿಗಳನ್ನ ಒಂದೊಂದು ಬಾಡಿಗೂ ಸರಿಯಾಗಿ ಕೂರುವ ಹಾಗೆ ಫ್ಯಾಕ್ಟರಿಯಲ್ಲಿ ಹೊಂದಿಸಿರ್ತಾರೆ. ಬೋಲ್ಟ್ ತಲೆಗಳೂ 0, 1, 2, 3 ಅಂತ ನಾಲ್ಕು ಅಳತೆಯಲ್ಲಿ ಬರ್ತಾವೆ. ಪಕ್ಕದವನ ಬೋಲ್ಟ್ ಕೂತುಕೊಳ್ಳುತ್ತೆ, ಆದರೆ ಅದು ನಿಮ್ಮ ರೈಫಲ್‌ದಲ್ಲ.

ಇನ್ನೊಂದು ವಿಷಯ ತೋರಿಸಿದರು. ಆ ಬೋಲ್ಟ್ ತಲೆ ಸ್ಕ್ರೂ ಇದ್ದ ಹಾಗೆ ತಿರುಗಿಸಿ ಹಾಕೋದು. ಪೂರ್ತಿ ಕೂರುವವರೆಗೆ ತಿರುಗಿಸದೆ ಬಿಟ್ಟರೆ ಅಳತೆಯೆಲ್ಲ ಹೋಯ್ತು. ಬೋಲ್ಟ್ ಒಳಗೆ ಹಾಕೋ ಮುಂಚೆ ಬ್ಯಾರೆಲ್ ಎತ್ತಿ ಬೆಳಕಿಗೆ ಹಿಡಿದು ಒಮ್ಮೆ ನೋಡಲೇಬೇಕು, ಯಾಕಂದರೆ ಬೋಲ್ಟ್ ಕೂತ ಮೇಲೆ ಆಚೆ ಬೆಳಕೇ ಕಾಣಲ್ಲ. ಪುಲ್‌ಥ್ರೂ ದಾರಕ್ಕೆ ಕಟ್ಟಿ ಬ್ಯಾರೆಲ್ ಒರೆಸೋಕೆ ಎಳೆಯೋ ಚಿಂದಿ ಒಳಗೆ ಉಳಿದಿದ್ದರೆ ಗುಂಡಿಗೆ ಹೋಗೋಕೆ ದಾರಿ ಇರಲ್ಲ, ಬ್ಯಾರೆಲ್ಲೇ ಉಬ್ಬಬಹುದು, ಸೀಳಬಹುದು. (ಆ ಚಿಂದಿಗೂ ಅಳತೆ ಇದೆ, 4 ಇಂಚು ಉದ್ದ 2 ಇಂಚು ಅಗಲ. ಸೈನ್ಯದಲ್ಲಿ ಬಟ್ಟೆ ತುಂಡಿಗೂ ನಿಯಮ.)

ಅದಾದ ಮೇಲೆ ಪೈಪೋಟಿ ತಣ್ಣಗಾಯ್ತು. ತುಮಕೂರಿನವನೂ ನಂಬರ್ ಓದಿ, ಜೋರಾಗಿ ಹೇಳಿ, ಆಮೇಲೆ ಬೋಲ್ಟ್ ಹಾಕತೊಡಗಿದ. ಅವನಿಗಿಂತ ನಿಧಾನದವರೇ ಈಗ ಮೊದಲು ಕೈ ಎತ್ತುತ್ತಿದ್ದರು. ಅವನಿಗೆ ಕೋಪ ಬಂದಿತ್ತು, ಪಾಪ.

ಸಂಜೆ ಕ್ಲೀನಿಂಗ್ ಮುಗಿದ ಮೇಲೆ ಉಸ್ತಾದ್ ಡಮ್ಮಿ ಎಣಿಸಿದರು, ಲೆಕ್ಕ ಸರಿ ಇತ್ತು. ಚಿಂದಿ ಎಣಿಸಿದರು, ಒಂದು ಕಡಿಮೆ. ಊಟದ ಸಾಲು ಆಗಲೇ ಶುರುವಾಗಿತ್ತು, ಅನ್ನದ ವಾಸನೆ ಬರ್ತಿತ್ತು. ಸುಮ್ನೆ ಒಂದು ಬಟ್ಟೆ ತುಂಡು, ಬಿಡಿ ಸರ್ ಅಂತ ಯಾರೋ ಗೊಣಗಿದರು. ಉಸ್ತಾದ್ ಕೇಳಿಸಿಕೊಂಡೇ ಇಲ್ಲ. ಎಲ್ಲ ರೈಫಲ್‌ಗಳ ಬೋಲ್ಟ್ ಮತ್ತೆ ಹೊರಗೆ ಬಂತು, ಟಾರ್ಚ್ ಹಿಡಿದು ಒಂದೊಂದೇ ಬ್ಯಾರೆಲ್ ನೋಡಿದೆವು. ಯಾವುದರಲ್ಲೂ ಇಲ್ಲ. ಕೊನೆಗೆ ಮಡಿಚಿ ನೀಟಾಗಿ ಒಂದು ರೈಫಲ್‌ನ ಬಟ್ ಒಳಗಿನ ಗೂಡಿನಲ್ಲಿ, ಎಣ್ಣೆ ಬಾಟಲಿ ಪಕ್ಕದಲ್ಲಿ ಸಿಕ್ಕಿತು. ಇಟ್ಟ ಹುಡುಗ ಬೈಗುಳಕ್ಕೆ ಕಾದು ನಿಂತಿದ್ದ.

“ಬಟ್ಟಿನಾಗ ಇತ್ತಲ್ಲಾ, ಚಲೋ ಆತು” ಅಂದರು ಉಸ್ತಾದ್. “ಹೋಗ್ರಿ, ಉಣ್ಣಾಕ ಹೋಗ್ರಿ.”

ನಾವು ಹೋಗುವಷ್ಟರಲ್ಲಿ ಸಾರು ಖಾಲಿ. ಅನ್ನ, ಉಪ್ಪಿನಕಾಯಿ ಸಿಕ್ಕಿತು.