266 ಕಿಲೋಮೀಟರ್ ಅಂದುಬಿಟ್ಟೆ

ಶಿರಸಿಯಲ್ಲಿ ನನ್ನದೊಂದು ಸಣ್ಣ ಟಿಕೆಟ್ ಬುಕಿಂಗ್ ಅಂಗಡಿ. ಬಸ್ಸು, ರೈಲು, ವಿಮಾನ ಎಲ್ಲಾ ಮಾಡಿಕೊಡುತ್ತೇನೆ. ಹೊಸತರಲ್ಲಿ ಮಾಡಿದ ಒಂದು ಎಡವಟ್ಟು ಇವತ್ತಿಗೂ ನೆನಪಾಗುತ್ತದೆ.

ಅಡಿಕೆ ತೋಟದ ಹಿರಿಯರೊಬ್ಬರು ಫೋನ್ ಮಾಡಿದರು. "ತಮಾ, ಹುಬ್ಬಳ್ಳಿಯಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟೊತ್ತು?" ಹೆಂಡತಿಗೆ ಮಂಡಿನೋವು, ಮಂಗಳೂರಿನ ಡಾಕ್ಟರಿಗೆ ತೋರಿಸಬೇಕಿತ್ತು. ಕಾರಿನಲ್ಲಿ ಕಾಲು ಮಡಚಿ ಕೂರೋದು ಕಷ್ಟ ಅಂದರು. ಮೊಬೈಲಿನಲ್ಲಿ ಎರಡೂ ನಿಲ್ದಾಣದ ಹೆಸರು ಹಾಕಿದೆ. 266 ಕಿ.ಮೀ., 50 ನಿಮಿಷ ಅಂತ ಬಂತು. ಹಾಗೇ ಹೇಳಿಬಿಟ್ಟೆ. ಅವರು ಅದನ್ನು ನಂಬಿ ಡಾಕ್ಟರ ಹತ್ತಿರ ಮಧ್ಯಾಹ್ನ 12ಕ್ಕೆ ಟೈಮ್ ತಗೊಂಡರು.

ಟಿಕೆಟ್ ಮಾಡೋಕೆ ಕೂತರೆ ಆ ದಿನ ನೇರ ವಿಮಾನವೇ ಇಲ್ಲ! ಇದ್ದದ್ದು ಬೆಂಗಳೂರು ಸುತ್ತಿ ಹೋಗುವುದು. ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 370 ಕಿ.ಮೀ., ಅಲ್ಲಿಂದ ಮಂಗಳೂರಿಗೆ ಮತ್ತೆ 300. ನಡುವೆ ನಾಲ್ಕು ತಾಸು ಕಾಯಬೇಕು.

ಮೊಬೈಲಿನ ಲೆಕ್ಕ ಸುಳ್ಳಲ್ಲ. ಅದು ಎರಡು ನಿಲ್ದಾಣಗಳ ನಡುವೆ ದಾರ ಎಳೆದ ಹಾಗೆ ಅಳೆಯುತ್ತದೆ ಅಷ್ಟೆ. ಆ ದಾರದ ಗುಂಟ ವಿಮಾನ ಹಾರುತ್ತದೋ ಇಲ್ಲವೋ ಅದಕ್ಕೇನು ಗೊತ್ತು?

ಜೆಟ್ ಗಂಟೆಗೆ 800 ಕಿ.ಮೀ. ಹೋಗ್ತದೆ, 266ಕ್ಕೆ 20 ನಿಮಿಷ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಆ ವೇಗ ಸಿಗೋದು ತುಂಬಾ ಮೇಲೆ ಹೋದ ಮೇಲೆ. 10,000 ಅಡಿಯ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ದಾಟುವಂತಿಲ್ಲ. ಹತ್ತಿರದ ಊರಾದರೆ ಏರುವುದು, ಇಳಿಯುವುದರಲ್ಲೇ ಹಾದಿ ಮುಗಿಯುತ್ತದೆ. ನಿಲ್ದಾಣದೊಳಗೆ ಉರುಳಾಡುವ ಹೊತ್ತನ್ನೂ ಟಿಕೆಟ್ಟಿನಲ್ಲಿ ಸೇರಿಸಿರುತ್ತಾರೆ. ಅದಕ್ಕೇ ಹುಬ್ಬಳ್ಳಿ-ಬೆಂಗಳೂರಿಗೂ ಒಂದು ತಾಸಿನ ಮೇಲೆ ತೋರಿಸೋದು. ಗಂಟೆಗೆ 500 ಕಿ.ಮೀ. ವೇಗದ ಎಟಿಆರ್ (ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಸಣ್ಣ ವಿಮಾನ) ಕೂಡ ಇಂಥ ಕಡೆ ಜೆಟ್‌ಗಿಂತ ಬಹಳ ಹಿಂದೆ ಬೀಳುವುದಿಲ್ಲ.

ಇದೆಲ್ಲಾ ಇರಲಿ, ನಾನು ಮರೆತದ್ದು ನಮ್ಮ ಶಿರಸಿಯನ್ನೇ. ಇಲ್ಲಿಂದ ಹುಬ್ಬಳ್ಳಿಗೆ 100 ಕಿ.ಮೀ., ಎರಡೂವರೆ ತಾಸು. ಅದೂ ಮಂಗಳೂರಿಗೆ ಬೆನ್ನು ಹಾಕಿಕೊಂಡು! ಚೆಕ್-ಇನ್ ಕೌಂಟರ್ ಒಂದು ತಾಸು ಮೊದಲೇ ಮುಚ್ಚುತ್ತದೆ. ಆ ಕಡೆ ಮಂಗಳೂರಿನ ನಿಲ್ದಾಣ ಇರುವ ಬಜ್ಪೆಯಿಂದ ಪೇಟೆಗೆ ಮುಕ್ಕಾಲು ತಾಸು. ನೇರ ವಿಮಾನ ಇದ್ದಿದ್ದರೂ ಆರು ತಾಸು ಹಿಡಿಯುತ್ತಿತ್ತು. ದೇವಿಮನೆ ಘಟ್ಟ ಇಳಿದು ಕುಮಟಾ, ಹೊನ್ನಾವರ, ಭಟ್ಕಳ, ಉಡುಪಿ ಅಂತ ಹೋದರೆ ರಸ್ತೆಯಲ್ಲೂ ಮಂಗಳೂರು 260 ಕಿ.ಮೀ. ಆಸುಪಾಸು. ಅಲ್ಲೂ ಅದೇ ಆರು ತಾಸು.

ಅವರು ಬೈಯಲಿಲ್ಲ. "ಕಾರೇ ಮಾಡು ಮಾರಾಯಾ" ಅಂದರು. ಬೆಳಗಿನ ಜಾವ ಐದಕ್ಕೆ ಹೊರಟರು. ಅವರ ಹೆಂಡತಿ ಮುಂದಿನ ಸೀಟು ಪೂರ್ತಿ ಹಿಂದೆ ತಳ್ಳಿಕೊಂಡು ಕಾಲು ಚಾಚಿ ಕೂತಿದ್ದರು. ಬೈದಿದ್ದರೆ ನನಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

ಈಗ ಯಾರೇ ಫೋನ್ ಮಾಡಿದರೂ ಮೊದಲು ಮನೆ ಎಲ್ಲಿ ಅಂತ ಕೇಳುತ್ತೇನೆ. ಕಾರವಾರದವರು ಸುಮ್ನೆ "ಗೋವಾದಿಂದ" ಅಂದರೆ ಯಾವ ಗೋವಾ ಅಂತ ಇನ್ನೊಂದು ಪ್ರಶ್ನೆ. 2023ರ ಜನವರಿಯಿಂದ ಗೋವಾದ ಹೊಸ ನಿಲ್ದಾಣ ಮೋಪಾದಲ್ಲೂ ವಿಮಾನ ಇಳಿಯುತ್ತಿವೆ. ಆಕಾಶದಲ್ಲಿ ಹಳೇ ನಿಲ್ದಾಣ ದಾಬೋಲಿಂಗೂ ಮೋಪಾಕ್ಕೂ 40 ಕಿ.ಮೀ. ಅಷ್ಟೇ. ಕಾರವಾರದಿಂದ ಹೋಗುವವರಿಗೆ ಮೋಪಾ ಅಂದರೆ ಜುವಾರಿ, ಮಾಂಡವಿ ಎರಡೂ ಹೊಳೆ ದಾಟಿ ಸುಮಾರು ಒಂದು ತಾಸು ಜಾಸ್ತಿ. ಮೊನ್ನೆ ಸದಾಶಿವಗಡದವರೊಬ್ಬರು 700 ರೂಪಾಯಿ ಕಡಿಮೆ ಅಂತ ಮೋಪಾ ಟಿಕೆಟ್ ಕೇಳಿದರು. ಟ್ಯಾಕ್ಸಿ ಬಾಡಿಗೆ ಎಷ್ಟಾಗುತ್ತದೆ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ದಾಬೋಲಿಂದೇ ಮಾಡಿ" ಅಂದರು.